ಹೊಳೆ ಬೇರೆಯಲ್ಲ, ಕೊಳವೆಬಾವಿ ಬೇರೆಯಲ್ಲ: ಕೇಂಬ್ರಿಜ್‌ನಿಂದ ಅರ್ಕಾವತಿಗೆ ಒಂದು ಲೆಕ್ಕ

ಮಾನ್ಯ ಸಂಪಾದಕರೇ,

ಇಂಗ್ಲೆಂಡಿನ ಕೇಂಬ್ರಿಜ್ ಸುತ್ತಮುತ್ತ ಸಾವಿರಾರು ಹೊಸ ಮನೆಗಳನ್ನು ಕಟ್ಟುವ ಯೋಜನೆಗಳಿಗೆ ಅಲ್ಲಿನ ಪರಿಸರ ಏಜೆನ್ಸಿ 2023ರಲ್ಲಿ ತಕರಾರು ತೆಗೆಯಿತು. ಆ ಮನೆಗಳಿಗೆ ನೀರು ಕೊಟ್ಟರೆ ಸುತ್ತಲಿನ ಹೊಳೆಗಳು ಕೆಡುತ್ತವೆ ಎಂಬುದೇ ಕಾರಣ. ಸದಾ ಮಳೆ ಜಿನುಗುವ ದೇಶಕ್ಕೂ ನೀರಿನ ಬರವೇ ಎಂದು ನಮ್ಮಲ್ಲಿ ಹಲವರಿಗೆ ಅನ್ನಿಸುವುದು ಸಹಜ. ಆದರೆ ಕೇಂಬ್ರಿಜ್‌ನಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 560 ಮಿಲಿಮೀಟರ್. ನಮ್ಮ ಚಿತ್ರದುರ್ಗದ ಮಳೆಯೂ ಹೆಚ್ಚುಕಡಿಮೆ ಅಷ್ಟೇ. ಬೆಂಗಳೂರಿಗೆ ಅದಕ್ಕಿಂತ ಎಷ್ಟೋ ಹೆಚ್ಚು ಮಳೆಯಾಗುತ್ತದೆ. ಕೇಂಬ್ರಿಜ್ ಇಷ್ಟು ಶತಮಾನ ನಡೆದುಕೊಂಡು ಬಂದದ್ದು ಮಳೆಯ ಜೋರಿನಿಂದಲ್ಲ, ನೆಲದಡಿಯ ಒಂದು ಬಿಳಿಯ ಬಂಡೆಯ ದಯೆಯಿಂದ. ಆ ಬಂಡೆಯ ಕಥೆ ಅರ್ಕಾವತಿಯ ದಡದಲ್ಲಿರುವ ನಮಗೂ ತಟ್ಟುವಂಥದ್ದು. ಅದಕ್ಕಾಗಿ ಈ ಪತ್ರ, ತುಸು ದೀರ್ಘವಾದರೂ.

ಆ ಬಂಡೆಗೆ ಕನ್ನಡದಲ್ಲಿ ಒಳ್ಳೆಯ ಹೆಸರಿದೆ: ಸೀಮೆಸುಣ್ಣ. ಹತ್ತು ಕೋಟಿ ವರ್ಷಗಳಿಂದ ಆರೂವರೆ ಕೋಟಿ ವರ್ಷಗಳ ಹಿಂದಿನವರೆಗೆ, ಕಡಲ ತಳದಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಪಾಚಿಗಳ ಚಿಪ್ಪುಗಳು ಕೂಡಿಕೊಂಡು ಆದ ಮೆತ್ತನೆಯ ಸುಣ್ಣಕಲ್ಲು ಅದು. ಅದರ ಗಾತ್ರದಲ್ಲಿ ಶೇ 20ರಿಂದ 40ರಷ್ಟು ಬರೀ ಸೂಕ್ಷ್ಮ ರಂಧ್ರ. ಆ ರಂಧ್ರಗಳಲ್ಲಿ ನೀರು ತುಂಬಿರುತ್ತದೆ, ಆದರೆ ಅಲ್ಲಿಂದ ಸುಲಭಕ್ಕೆ ಬಿಟ್ಟುಕೊಡುವುದಿಲ್ಲ. ಹರಿದಾಡುವ ನೀರೆಲ್ಲ ಬಂಡೆಯ ಸೀಳುಗಳಲ್ಲಿ ಇರುವಂಥದ್ದು. ಹಾಗಾಗಿ ಬಾವಿಗೆ ಒದಗುವ ನೀರು ಬಂಡೆಯ ಗಾತ್ರದ ಶೇ 1–2 ಮಾತ್ರ. ಈ ಸಂಖ್ಯೆಯನ್ನು ಓದುಗರು ನೆನಪಿಟ್ಟುಕೊಳ್ಳಬೇಕು, ಮುಂದಿನದೆಲ್ಲ ಇದರ ಮೇಲೆ ನಿಂತಿದೆ.

ಕೇಂಬ್ರಿಜ್‌ನಲ್ಲಿ ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗೆ ಬೀಳುವ ಮಳೆಯನ್ನು ಬಹುಮಟ್ಟಿಗೆ ಬಿಸಿಲು, ಹುಲ್ಲು, ಬೆಳೆಗಳೇ ಹೀರಿಬಿಡುತ್ತವೆ. ನೆಲದಡಿಗೆ ಇಳಿಯುವುದು ಅಕ್ಟೋಬರ್‌ನಿಂದ ಮಾರ್ಚ್‌ವರೆಗಿನ ಮಳೆ. ಸಾಮಾನ್ಯ ವರ್ಷದಲ್ಲಿ ಅದು ಸುಮಾರು 100ರಿಂದ 150 ಮಿ.ಮೀ. ಬಂಡೆ ಶೇ 1ರಷ್ಟು ಮಾತ್ರ ಹಿಡಿಯುವುದಾದರೆ, ಇಳಿದ ಪ್ರತಿ 10 ಮಿ.ಮೀ. ನೀರಿಗೆ ಅಂತರ್ಜಲ ಮಟ್ಟ 1 ಮೀಟರ್ ಏರುತ್ತದೆ. ಏರಿದ ನೀರು ಬಂಡೆಯೊಳಗೆ ಮೆಲ್ಲಗೆ ತೆವಳುತ್ತಾ ಗುಡ್ಡದ ಬುಡಕ್ಕೆ ಬರುತ್ತದೆ. ಅಲ್ಲಿ ಕೆಳಗಿನ ಜೇಡಿ ಬೆರೆತ ಪದರ ಅದನ್ನು ಮುಂದೆ ಬಿಡುವುದಿಲ್ಲ; ನೀರು ಒರತೆಯಾಗಿ ಉಕ್ಕುತ್ತದೆ. ವರ್ಷವಿಡೀ 10–11 ಡಿಗ್ರಿ ತಂಪು, ಕನ್ನಡಿಯಂಥ ತಿಳಿ, ಸುಣ್ಣದ ಅಂಶ ತುಂಬಿದ ನೀರು. ಅಚ್ಚ ಸೀಮೆಸುಣ್ಣದ ಹೊಳೆಯೊಂದರ ಹರಿವಿನಲ್ಲಿ ಹತ್ತಕ್ಕೆ ಎಂಟೊಂಬತ್ತು ಪಾಲು ಈ ಒರತೆಯದ್ದೇ. ಪಾವಗಡ, ಮಧುಗಿರಿ, ಕೊರಟಗೆರೆ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕೆರೆ, ಹಳ್ಳಗಳ ಮರಳಿನಲ್ಲಿ ತಾನಾಗಿ ಉಕ್ಕುತ್ತಿದ್ದ ತಲಪರಿಗೆಯನ್ನೇ ಒಂದು ಸೀಮೆಯುದ್ದಕ್ಕೂ ಹಿಗ್ಗಿಸಿ ನೋಡಿದರೆ ಸೀಮೆಸುಣ್ಣದ ಹೊಳೆಯ ಚಿತ್ರ ಸಿಗುತ್ತದೆ. ಜಗತ್ತಿನಲ್ಲಿ ಇಂಥ ಹೊಳೆಗಳು ಕೇವಲ ಇನ್ನೂರು ಚಿಲ್ಲರೆ. ಅವುಗಳಲ್ಲಿ ಬಹುಪಾಲು ಇಂಗ್ಲೆಂಡಿನಲ್ಲೇ ಇವೆ.

ಕೇಂಬ್ರಿಜ್ ನಡುವೆ ಹರಿಯುವ ಕ್ಯಾಮ್ ನದಿಯನ್ನು ಪೋಷಿಸುವುದು ಇವೇ. ಆ್ಯಶ್‌ವೆಲ್ ಊರಿನ ಒರತೆಗಳಲ್ಲಿ ಹುಟ್ಟುವ ರೀ ಹೊಳೆ, ಲಿಂಟನ್ ಮೂಲಕ ಬರುವ ಗ್ರಾಂಟಾ, ಚೆರಿ ಹಿಂಟನ್ ತೊರೆ, ಮತ್ತೆ ಊರಿನ ಚರಿತ್ರೆಯಲ್ಲಿ ದೊಡ್ಡ ಜಾಗ ಪಡೆದಿರುವ ಹಾಬ್ಸನ್ ತೊರೆ.

ಹಾಬ್ಸನ್ ತೊರೆಯ ಬಗ್ಗೆ ಸ್ವಲ್ಪ ವಿವರವಾಗಿಯೇ ಹೇಳಬೇಕು. ಹದಿನಾರನೇ ಶತಮಾನದ ಕೇಂಬ್ರಿಜ್ ಸುತ್ತ ರಾಜಕಂದಕ ಎಂಬ ತೆರೆದ ಚರಂಡಿಯಿತ್ತು. ಊರ ಕೊಳೆಯೆಲ್ಲ ಅದರಲ್ಲಿ ಕೊಳೆತು ನಾರುತ್ತಿತ್ತು. ಅದನ್ನು ತೊಳೆಯಲು ದಕ್ಷಿಣದ ಒರತೆಗಳಿಂದ ನೀರು ತರಬೇಕೆಂಬ ಸಲಹೆ 1574ರಲ್ಲೇ ವಿಶ್ವವಿದ್ಯಾಲಯದ ಆಂಡ್ರೂ ಪರ್ನ್ ಅವರಿಂದ ಬಂದಿತ್ತು. ಕಾಲುವೆ ತೋಡಿದ್ದು 1610ರಲ್ಲಿ. ಗ್ರೇಟ್ ಶೆಲ್ಫರ್ಡ್ ಬಳಿಯ ನೈನ್ ವೆಲ್ಸ್ ಎಂಬ ಒರತೆಗಳಿಂದ ಸುಮಾರು 5 ಕಿಲೋಮೀಟರ್ ದೂರ, ಯಂತ್ರವಿಲ್ಲದೆ, ಬರೀ ನೆಲದ ಇಳಿಜಾರನ್ನು ನಂಬಿ ನೀರು ತಂದರು. 1614ರ ಹೊತ್ತಿಗೆ ಮಾರುಕಟ್ಟೆ ಚೌಕದ ಕಾರಂಜಿಯಲ್ಲಿ ಜನ ಕೊಡ ತುಂಬಿಕೊಳ್ಳುವಂತಾಯಿತು. ಇದಕ್ಕೆ ಹಲವರು ದುಡಿದರು. ಆದರೆ ಬಾಡಿಗೆ ಕುದುರೆಗಳ ವ್ಯಾಪಾರಿ ಥಾಮಸ್ ಹಾಬ್ಸನ್ ಸಾಯುವ ಮುನ್ನ ಕಾಲುವೆಯ ನಿರ್ವಹಣೆಗೆಂದೇ ಜಮೀನು ಬಿಟ್ಟುಹೋದದ್ದರಿಂದ ಅವರ ಹೆಸರು ನಿಂತಿತು. ಕಟ್ಟುವುದಕ್ಕೆ ದುಡ್ಡು ಕೊಡುವವರು ಎಲ್ಲ ಕಾಲದಲ್ಲೂ ಸಿಗುತ್ತಾರೆ, ಹೂಳೆತ್ತುವುದಕ್ಕೆ ಆಸ್ತಿ ಬರೆದಿಟ್ಟವರು ಅಪರೂಪ. ಆ ಕಾಲುವೆಯನ್ನು ಈಗಲೂ ಒಂದು ಟ್ರಸ್ಟ್ ನೋಡಿಕೊಳ್ಳುತ್ತಿದೆ. ಟ್ರಂಪಿಂಗ್ಟನ್ ಬೀದಿಯ ಎರಡೂ ಬದಿಯ ಕಲ್ಲು ಕಾಲುವೆಗಳಿಗೆ, ಸಸ್ಯೋದ್ಯಾನದ ಕೊಳಕ್ಕೆ ನೀರು ಈಗಲೂ ಅದರಿಂದಲೇ.

ಹತ್ತೊಂಬತ್ತನೇ ಶತಮಾನದ ನಡುಭಾಗದಲ್ಲಿ ಪೈಪಿನ ನೀರು ಬಂತು. ಹೊಳೆಯ ನೀರು ಕುಡಿಯುತ್ತಿದ್ದ ಊರು ಕ್ರಮೇಣ ಬಂಡೆಯ ನೀರು ಕುಡಿಯತೊಡಗಿತು. ಇಂದು ಕೇಂಬ್ರಿಜ್ ನಲ್ಲಿಗಳಲ್ಲಿ ಬರುವುದು ಬಹುತೇಕ ಪೂರ್ತಿ ಕೊಳವೆಬಾವಿಯ ನೀರು. ದಿನಕ್ಕೆ ಅಂದಾಜು ಎಂಟರಿಂದ ಒಂಬತ್ತು ಕೋಟಿ ಲೀಟರ್. ಇದನ್ನು ನಮಗೆ ಪರಿಚಿತವಾದ ಅಳತೆಗೆ ತಂದರೆ 35 ಕ್ಯುಸೆಕ್‌ನ ಆಸುಪಾಸು, ಅಂದರೆ ಸೆಕೆಂಡಿಗೆ ಸುಮಾರು 1,000 ಲೀಟರ್. ಕೆಆರ್‌ಎಸ್ ಒಳಹರಿವಿನ ಸುದ್ದಿ ಓದಿದವರಿಗೆ 35 ಕ್ಯುಸೆಕ್ ಏನೂ ಅಲ್ಲವೆನ್ನಿಸಬಹುದು. ಆದರೆ ಸಣ್ಣ ಸೀಮೆಸುಣ್ಣದ ತೊರೆಯೊಂದರ ಬೇಸಿಗೆಯ ಹರಿವು ಸೆಕೆಂಡಿಗೆ ಕೆಲವು ಹತ್ತು ಲೀಟರ್ ಮಾತ್ರ. ಪಂಪುಗಳು ಎತ್ತುವ ಆ 1,000 ಲೀಟರ್ ಎಲ್ಲಿಗೆ ಹೋಗಬೇಕಿತ್ತು? ಒರತೆಗಳಿಗೆ. ಬೇರೆ ದಾರಿಯೇ ಇಲ್ಲ. ಬಾವಿ ಹೊಳೆಯಿಂದ ಐದು ಕಿಲೋಮೀಟರ್ ಆಚೆ ಇದ್ದರೂ ಅದು ಹೊಳೆಗೆ ಸೇರಬೇಕಾದ ನೀರನ್ನೇ ದಾರಿಯಲ್ಲಿ ತಡೆದು ಎತ್ತುತ್ತದೆ. ದೂರ ಹೆಚ್ಚಾದಷ್ಟೂ ಪರಿಣಾಮ ತಡವಾಗಿ ಕಾಣುತ್ತದೆ, ಕಡಿಮೆಯಂತೂ ಆಗುವುದಿಲ್ಲ. ಈ ವರ್ಷದ ಪಂಪಿಂಗ್ ಪೆಟ್ಟು ಮುಂದಿನ ವರ್ಷದ ಹೊಳೆಗೆ ಬೀಳುವುದರಿಂದಲೇ ಬಾವಿ, ಹೊಳೆಗಳ ನಂಟು ಬಹುಕಾಲ ಯಾರ ಕಣ್ಣಿಗೂ ಬೀಳಲಿಲ್ಲ.

ಹೊಳೆ ಕೆಡುವ ಕ್ರಮವೂ ಹಂತಹಂತವಾದದ್ದು. ಅಂತರ್ಜಲ ಮಟ್ಟ ಇಳಿದಾಗ ಮೊದಲು ಎತ್ತರದ ಒರತೆಗಳು ಬತ್ತುತ್ತವೆ. ಹೊಳೆಯ ಹುಟ್ಟೇ ಕೆಳಕ್ಕೆ ಜಾರುತ್ತದೆ. ಉಳಿದ ಕಡೆ ನೀರಿದೆ, ಓಟವಿಲ್ಲ. ಓಟ ನಿಂತ ಕಡೆ ಹೊಲಗಳಿಂದ ಬಂದ ನುಣುಪು ಮಣ್ಣು ತಳದ ಜಲ್ಲಿಯ ಸಂದುಗಳಲ್ಲಿ ಕೂತುಬಿಡುತ್ತದೆ. ಟ್ರೌಟ್ ಮೀನು ಚಳಿಗಾಲದಲ್ಲಿ ಮೊಟ್ಟೆ ಇಡುವುದು ಆ ಜಲ್ಲಿಯೊಳಗೇ. ಸಂದು ಮುಚ್ಚಿದರೆ ಆಮ್ಲಜನಕ ಸಿಗದೆ ಮೊಟ್ಟೆ ಅಲ್ಲೇ ಸಾಯುತ್ತದೆ. ಓಡುವ ನೀರಿನಲ್ಲಿ ಮಾತ್ರ ಬೆಳೆಯುವ ಬಿಳಿ ಹೂವಿನ ರನಂಕ್ಯುಲಸ್ ಗಿಡ ಮಾಯವಾಗಿ ಆ ಜಾಗದಲ್ಲಿ ನೂಲುಪಾಚಿ ಹಬ್ಬುತ್ತದೆ. ಒಳಚರಂಡಿ ಶುದ್ಧೀಕರಣ ಘಟಕದಿಂದ ಬಿಡುವ ನೀರಿನ ಪ್ರಮಾಣ ಮೊದಲಿನಷ್ಟೇ, ಅದನ್ನು ತೆಳುವಾಗಿಸಲು ಬೇಕಾದ ತಿಳಿನೀರು ಇಲ್ಲ. ಹಾಗಾಗಿ ಘಟಕ ಎಂದಿನಂತೆ ಕೆಲಸ ಮಾಡುತ್ತಿದ್ದರೂ ನದಿಯಲ್ಲಿ ರಂಜಕದ ಸಾಂದ್ರತೆ ಏರುತ್ತದೆ. 1976ರ ಬರಗಾಲದಲ್ಲಿ ನೈನ್ ವೆಲ್ಸ್ ಒಣಗಿದಾಗ, ಹಿಮಯುಗದ ಕೊನೆಯಿಂದ ಆ ತಂಪು ನೀರಿನಲ್ಲಿ ಉಳಿದುಬಂದಿದ್ದ ಒಂದು ಅಪರೂಪದ ಚಪ್ಪಟೆ ಹುಳು ಅಲ್ಲಿಂದ ಅಳಿದುಹೋಯಿತು. ಆ ಹುಳುವಿನಿಂದಾಗಿ ಆ ತಾಣಕ್ಕಿದ್ದ ವಿಶೇಷ ವೈಜ್ಞಾನಿಕ ರಕ್ಷಣೆಯ ಸ್ಥಾನವೂ ಹೋಯಿತು. ನೀರು ಮರಳಿತು, ಹುಳು ಮರಳಲಿಲ್ಲ. ಒಂದೇ ಒಂದು ಬೇಸಿಗೆ ಸಾಕಾಯಿತು ಎಂಬುದು ನಮ್ಮನ್ನು ಇಂದಿಗೂ ಕಾಡುವ ಸಂಗತಿ.

ಕೇಂಬ್ರಿಜ್‌ಗೆ ಹೋಗಿ ಕಾಲೇಜುಗಳ ಹಿಂದೆ ದೋಣಿಯಲ್ಲಿ ತೇಲಿ ಬಂದ ನಮ್ಮವರು ‘ನದಿ ತುಂಬಿಯೇ ಇತ್ತಲ್ಲ’ ಎನ್ನಬಹುದು. ನಿಜ, ತುಂಬಿಯೇ ಇರುತ್ತದೆ. ಆ ಭಾಗದ ನೀರಿನ ಮಟ್ಟವನ್ನು ಕೆಳಗಿನ ಜೀಸಸ್ ಗ್ರೀನ್ ತೂಬುಗಳು ಹಿಡಿದಿಡುತ್ತವೆ. ಒಳಹರಿವು ಅರ್ಧಕ್ಕೆ ಇಳಿದರೂ ದೋಣಿಗೆ ತಿಳಿಯುವುದಿಲ್ಲ. ನದಿಯ ಆರೋಗ್ಯ ಗೊತ್ತಾಗಬೇಕಾದರೆ ಮಟ್ಟ ನೋಡಿದರೆ ಸಾಲದು, ಹರಿವು ಅಳೆಯಬೇಕು.

ಹರಿವು ಅಳೆಯುವುದು ಕಷ್ಟದ ಕೆಲಸವೇನಲ್ಲ. ಸಣ್ಣ ತೊರೆಗೆ ಅಡ್ಡಲಾಗಿ, 90 ಡಿಗ್ರಿ ಕೋನದ ‘ವಿ’ ಆಕಾರದ ಕಚ್ಚು ಕೊಯ್ದ ತಗಡಿನ ಹಲಗೆ ನಿಲ್ಲಿಸಬೇಕು. ಕಚ್ಚಿನ ಕೆಳತುದಿಯಿಂದ ಮೇಲೆ ನೀರು 10 ಸೆಂಟಿಮೀಟರ್ ನಿಂತಿದ್ದರೆ ಸೆಕೆಂಡಿಗೆ ಸುಮಾರು 4.4 ಲೀಟರ್ ಹರಿಯುತ್ತಿದೆ ಎಂದು ಲೆಕ್ಕ. 20 ಸೆಂ.ಮೀ. ಇದ್ದರೆ 25 ಲೀಟರ್‌ಗೆ ಹತ್ತಿರ. ಎತ್ತರ ಎರಡು ಪಟ್ಟಾದರೆ ಹರಿವು ಐದೂವರೆ ಪಟ್ಟಿಗಿಂತ ಹೆಚ್ಚು; ಹಾಗಾಗಿ ಎತ್ತರ ಓದುವಾಗ ಒಂದು ಸೆಂಟಿಮೀಟರ್ ತಪ್ಪಿದರೂ ಲೆಕ್ಕ ಕೆಡುತ್ತದೆ. ಎತ್ತರವನ್ನು ಕಚ್ಚಿನ ಬಾಯಲ್ಲೇ ಅಳೆಯಬಾರದು, ಅಲ್ಲಿ ನೀರು ಬಾಗಿ ಇಳಿಯುತ್ತಿರುತ್ತದೆ. ತುಸು ಹಿಂದೆ, ನೀರು ಶಾಂತವಾಗಿರುವ ಕಡೆ ಅಳೆಯಬೇಕು. ಹಲಗೆಯ ಹಿಂದೆ ಹೂಳು ಕೂತರೆ, ಅಥವಾ ಕಚ್ಚಿನಿಂದ ಧುಮುಕಿದ ನೀರಿನ ಕೆಳಗೆ ಗಾಳಿ ಆಡದಿದ್ದರೆ ಅಳತೆ ಸುಳ್ಳು ಹೇಳುತ್ತದೆ. ಹಲಗೆ ನಿಲ್ಲಿಸಲಾಗದ ದೊಡ್ಡ ಹೊಳೆಯಲ್ಲಿ ಅಡ್ಡಕೊಯ್ತದ ವಿಸ್ತೀರ್ಣವನ್ನು ನೀರಿನ ವೇಗದಿಂದ ಗುಣಿಸುತ್ತಾರೆ. ಬರೀ ಮಟ್ಟದ ಪಟ್ಟಿ ನೋಡಿ ಹರಿವು ಹೇಳಿದರೆ ಬೇಸಿಗೆಯಲ್ಲಿ ಮೋಸವಾಗುವುದು ಖಚಿತ: ನೀರುಗಿಡಗಳು ದಟ್ಟವಾಗಿ ಬೆಳೆದು ನೀರಿಗೆ ತಡೆಯೊಡ್ಡುವುದರಿಂದ ಹರಿವು ಇಳಿಯುತ್ತಿದ್ದರೂ ಮಟ್ಟ ಏರುತ್ತಿರುತ್ತದೆ.

ಬತ್ತುವ ತೊರೆಗಳಿಗೆ ಬೇಸಿಗೆಯಲ್ಲಿ ಕೊಳವೆಬಾವಿಯ ನೀರು ಬಿಡುವ ವ್ಯವಸ್ಥೆಯೂ ಅಲ್ಲಿದೆ. ಆಪತ್ಕಾಲಕ್ಕೆ ಇದು ಬೇಕು, ಮೀನು ಉಳಿಯುತ್ತದೆ. ಆದರೆ ಆ ನೀರನ್ನೂ ಎತ್ತುವುದು ಅದೇ ಸೀಮೆಸುಣ್ಣದ ಬಂಡೆಯಿಂದ. ಒಂದು ಜೇಬಿನಿಂದ ತೆಗೆದು ಇನ್ನೊಂದು ಜೇಬಿಗೆ ಹಾಕಿದಂತೆ. ನಡುವೆ ವಿದ್ಯುತ್ ಖರ್ಚು ಬೇರೆ.

ಇನ್ನು ಪರವಾನಗಿಯ ವಿಷಯ. ಇಂಗ್ಲೆಂಡಿನಲ್ಲಿ ದಿನಕ್ಕೆ 20,000 ಲೀಟರ್‌ಗಿಂತ ಹೆಚ್ಚು ನೀರೆತ್ತಲು ಪರವಾನಗಿ ಬೇಕು. ಹಳೆಯ ಪರವಾನಗಿಗಳನ್ನು ಉದಾರವಾಗಿ ಕೊಟ್ಟಿದ್ದರಿಂದ ಕಾಗದದ ಮೇಲಿನ ಹಕ್ಕು ದೊಡ್ಡದು, ನಿಜವಾಗಿ ಎತ್ತುತ್ತಿದ್ದುದು ಅದಕ್ಕಿಂತ ಕಡಿಮೆ. ಊರು ಬೆಳೆದಂತೆ ಆ ಉಳಿಕೆ ಹಕ್ಕಿನಲ್ಲಿ ಹೊಸ ಮನೆಗಳಿಗೆ ನೀರು ಕೊಡಬಹುದು ಎಂಬುದು ನೀರು ಪೂರೈಸುವವರ ಎಣಿಕೆಯಾಗಿತ್ತು. ಪರಿಸರ ಏಜೆನ್ಸಿ ಅಲ್ಲಿಯೇ ಕೈಯಿಟ್ಟಿತು. ಹಕ್ಕಿದ್ದರೂ ಅಷ್ಟನ್ನೂ ಎತ್ತಿದರೆ ಹೊಳೆಗಳ ಸ್ಥಿತಿ ಈಗಿನದಕ್ಕಿಂತ ಕೆಡುತ್ತದೆ, ಕಾನೂನು ಅದಕ್ಕೆ ಒಪ್ಪುವುದಿಲ್ಲ ಎಂದು ಹೇಳಿತು. ಆಮೇಲೆ ಸರ್ಕಾರ, ನೀರು ಕಂಪನಿ, ಯೋಜನಾ ಅಧಿಕಾರಿಗಳು ಒಟ್ಟಿಗೆ ಕೂರಬೇಕಾಯಿತು. ಬೇರೆ ಜಲಾಶಯದಿಂದ ಕೊಳವೆ ಮಾರ್ಗ, ಜೌಗು ಸೀಮೆಯಲ್ಲಿ ಹೊಸ ಜಲಾಶಯ ಎಂಬ ಯೋಜನೆಗಳಿವೆ, ಅವು ಕೈಗೂಡುವುದು 2030ರ ದಶಕದಲ್ಲಿ. ಅಲ್ಲಿಯವರೆಗೆ ಹೊಸ ಮನೆ ಬಳಸುವಷ್ಟು ನೀರನ್ನು ಹಳೆಯ ಕಟ್ಟಡಗಳಲ್ಲಿ ಉಳಿಸಿ ತೋರಿಸುವ ‘ನೀರಿನ ಕ್ರೆಡಿಟ್’ ಪದ್ಧತಿಯನ್ನು 2024ರಲ್ಲಿ ಮುಂದಿಟ್ಟರು. ನಗರದ ವಾಯವ್ಯಕ್ಕೆ ವಿಶ್ವವಿದ್ಯಾಲಯ ಕಟ್ಟಿದ ಎಡಿಂಗ್ಟನ್ ಬಡಾವಣೆಯಲ್ಲಿ ಪ್ರತಿ ಮನೆಗೂ ಎರಡು ಕೊಳವೆ: ಕುಡಿಯಲು, ಸ್ನಾನಕ್ಕೆ ಒಂದು, ಶೌಚಾಲಯ, ಬಟ್ಟೆ ಒಗೆಯುವ ಯಂತ್ರ, ತೋಟಕ್ಕೆ ಶೋಧಿಸಿದ ಮಳೆನೀರಿನದು ಇನ್ನೊಂದು. ಕುಡಿಯುವ ನೀರನ್ನು ತಲೆಗೆ ದಿನಕ್ಕೆ 80 ಲೀಟರ್‌ಗೆ ಇಳಿಸುವುದು ಅದರ ಗುರಿ. ನಮ್ಮ ನಗರಗಳಿಗೆ ಇಟ್ಟುಕೊಂಡ ಅಳತೆ 135 ಲೀಟರ್.

ಪ್ರಮಾಣದಷ್ಟೇ ಗುಣದ ಚಿಂತೆಯೂ ಅಲ್ಲಿದೆ. ಗೊಬ್ಬರದ ನೈಟ್ರೇಟ್ ಸೀಮೆಸುಣ್ಣದ ಒಣ ಭಾಗದಲ್ಲಿ ವರ್ಷಕ್ಕೆ ಸುಮಾರು ಒಂದು ಮೀಟರ್‌ನಂತೆ ಕೆಳಗಿಳಿಯುತ್ತದೆ. ನೀರು 30 ಮೀಟರ್ ಆಳದಲ್ಲಿದ್ದರೆ ಇಂದು ಹಾಕಿದ ಗೊಬ್ಬರ ಬಾವಿಗೆ ತಲುಪುವುದು ಮುಂದಿನ ತಲೆಮಾರಿಗೆ.

ಇಷ್ಟನ್ನು ಬೆಂಗಳೂರಿನ ಓದುಗರ ಮುಂದೆ ಇಡಲು ಕಾರಣ ಅರ್ಕಾವತಿ. ನಂದಿಬೆಟ್ಟದಲ್ಲಿ ಹುಟ್ಟುವ ಆ ನದಿಯಿಂದಲೇ ಬೆಂಗಳೂರಿಗೆ ಮೊದಲ ಕೊಳವೆ ನೀರು ಬಂದದ್ದು: 1894ರಲ್ಲಿ ಹೆಸರಘಟ್ಟ, 1933ರಲ್ಲಿ ತಿಪ್ಪಗೊಂಡನಹಳ್ಳಿ. ಅವೆರಡೂ ಕೈಕೊಟ್ಟ ಮೇಲೆ ನಗರದ ನಲ್ಲಿ ನೀರು ಬಹುಮಟ್ಟಿಗೆ ಸುಮಾರು 100 ಕಿಲೋಮೀಟರ್ ದೂರದ ಕಾವೇರಿಯನ್ನು 500 ಮೀಟರ್‌ನಷ್ಟು ಮೇಲೆತ್ತಿ ತರುವುದಕ್ಕೆ ಜೋತುಬಿದ್ದಿದೆ. ಅರ್ಕಾವತಿಯ ಕಣಿವೆಯಲ್ಲಿ ಮಳೆಯೇನೂ ಆ ಪ್ರಮಾಣದಲ್ಲಿ ಕಡಿಮೆಯಾಗಿಲ್ಲ. ಕಡಿಮೆಯಾದದ್ದು ಒರತೆ. ನೀಲಗಿರಿ ತೋಪುಗಳು ಮತ್ತು ಸಾವಿರಾರು ಕೊಳವೆಬಾವಿಗಳು ನೆಲದಡಿಯ ಮಟ್ಟವನ್ನು ಹೊಳೆಯ ತಳಕ್ಕಿಂತ ಎಷ್ಟೋ ಕೆಳಗಿಳಿಸಿದ ಮೇಲೆ, ನದಿ ನೀರು ಪಡೆಯುವ ಬದಲು ಬಿದ್ದ ಮಳೆಯನ್ನೂ ನೆಲಕ್ಕೆ ಕಳೆದುಕೊಳ್ಳುವಂತಾಗಿದೆ.

ನಮ್ಮ ಗಟ್ಟಿಕಲ್ಲಿಗೂ ಅವರ ಸೀಮೆಸುಣ್ಣಕ್ಕೂ ಹೋಲಿಕೆ ಎಲ್ಲಿಯದು ಎಂದು ಕೇಳಬಹುದು. ಮೇಲೆ ನೆನಪಿಟ್ಟುಕೊಳ್ಳಲು ಹೇಳಿದ ಸಂಖ್ಯೆ ಇಲ್ಲಿ ಬೇಕಾಗುತ್ತದೆ. ನಮ್ಮ ಶಿಥಿಲ (ಮಳೆ, ಬಿಸಿಲಿಗೆ ಸಡಿಲಗೊಂಡ) ಗ್ನೈಸ್, ಗ್ರಾನೈಟ್ ಕಲ್ಲಿನ ಪದರ ಬಿಟ್ಟುಕೊಡುವ ನೀರನ್ನು ಅಂತರ್ಜಲ ಅಂದಾಜಿನಲ್ಲಿ ಶೇ 1.5ರಿಂದ 3 ಎಂದು ಹಿಡಿಯುತ್ತಾರೆ, ಅಂದರೆ ಸೀಮೆಸುಣ್ಣಕ್ಕಿಂತ ಕಡಿಮೆಯೇನಲ್ಲ. ವ್ಯತ್ಯಾಸವಿರುವುದು ದಪ್ಪದಲ್ಲಿ. ಅವರ ಬಂಡೆ ಹತ್ತಾರು ಮೀಟರ್‌ನಿಂದ ನೂರಾರು ಮೀಟರ್ ದಪ್ಪ. ನಮ್ಮ ಶಿಥಿಲ ಪದರ ಸಾಮಾನ್ಯವಾಗಿ ಹತ್ತಿಪ್ಪತ್ತು ಮೀಟರ್. ಅದರ ಕೆಳಗೆ ಅಲ್ಲೊಂದು ಇಲ್ಲೊಂದು ಬಿರುಕು ಬಿಟ್ಟರೆ ಬರೀ ಕಲ್ಲು. 300 ಮೀಟರ್ ಕೊರೆದವರು ಹೊಸ ನೀರು ಹುಡುಕಿದ್ದಲ್ಲ, ಹಳೆಯ ಬಿರುಕಿನಲ್ಲಿ ಉಳಿದದ್ದನ್ನು ಬಸಿದುಕೊಂಡದ್ದು. 2024ರ ಬೇಸಿಗೆಯಲ್ಲಿ ಬೆಂಗಳೂರಿನ ಸುಮಾರು 14,000 ಸರ್ಕಾರಿ ಕೊಳವೆಬಾವಿಗಳಲ್ಲಿ ಅರ್ಧದಷ್ಟು ಬತ್ತಿವೆ ಎಂದು ಸರ್ಕಾರವೇ ಹೇಳಿತು. ಹಾಗಾಗಿ ನಮ್ಮ ಒರತೆ ಅವರದ್ದಕ್ಕಿಂತ ಬೇಗ ಸಾಯುತ್ತದೆ. ಒಳ್ಳೆಯ ಮಳೆಗಾಲ ಬಂದು ಪಂಪಿಂಗ್ ಹಿಡಿತದಲ್ಲಿದ್ದರೆ ಅವರದ್ದಕ್ಕಿಂತ ಬೇಗ ಚಿಗುರಲೂಬಹುದು, ಏಕೆಂದರೆ ತುಂಬಬೇಕಾದ ಪಾತ್ರೆ ಚಿಕ್ಕದು.

ಅರ್ಕಾವತಿ ಪುನಶ್ಚೇತನದ ಮಾತು ಬಂದಾಗಲೆಲ್ಲ ಹೂಳೆತ್ತುವುದು, ರಾಜಕಾಲುವೆ ಒತ್ತುವರಿ ತೆರವು, ಎತ್ತಿನಹೊಳೆ ನೀರು ತಂದು ತಿಪ್ಪಗೊಂಡನಹಳ್ಳಿ ತುಂಬಿಸುವುದು, ಇವೇ ಚರ್ಚೆಯಾಗುತ್ತವೆ. ಒತ್ತುವರಿ ತೆರವು ಆಗಲೇಬೇಕು. ಆದರೆ ಜಲಾಶಯ ತುಂಬಿಸುವುದೂ ನದಿ ಹರಿಸುವುದೂ ಒಂದೇ ಅಲ್ಲ, ಕೇಂಬ್ರಿಜ್‌ನ ದೋಣಿ ತೇಲುವ ನೀರು ಅದಕ್ಕೆ ಸಾಕ್ಷಿ. 2011ರ ಕರ್ನಾಟಕ ಅಂತರ್ಜಲ ಕಾಯ್ದೆಯಡಿ ಅಧಿಸೂಚಿತ ತಾಲ್ಲೂಕುಗಳಲ್ಲಿ ಕೊಳವೆಬಾವಿ ಕೊರೆಯಲು ಅನುಮತಿ ಬೇಕು. ಆ ಅನುಮತಿ ಕೊಡುವ ಮೇಜಿನ ಮೇಲೆ ಹತ್ತಿರದ ಹಳ್ಳದ ಹರಿವಿನ ಅಂಕಿಯೂ ಇರಬೇಕೆಂಬುದು ನಮ್ಮ ಒತ್ತಾಯ. ಹೆಸರಘಟ್ಟದ ಮೇಲ್ಭಾಗದಲ್ಲಿ, ದೊಡ್ಡಬಳ್ಳಾಪುರದ ಕಡೆಯ ನಾಲ್ಕೈದು ಹಳ್ಳಗಳಿಗೆ ಮೇಲೆ ಹೇಳಿದಂಥ ಕಚ್ಚು ಹಲಗೆಗಳನ್ನು ನಿಲ್ಲಿಸಿ, ಮಳೆ ನಿಂತ ನಂತರ ನವೆಂಬರ್‌ನಿಂದ ಫೆಬ್ರುವರಿವರೆಗೆ ವಾರಕ್ಕೊಮ್ಮೆ ಓದಿ ಬರೆದಿಟ್ಟರೆ ಸಾಕು. ಆ ತಿಂಗಳುಗಳಲ್ಲಿ ಹರಿಯುವುದು ಬಹುಮಟ್ಟಿಗೆ ಒರತೆಯ ನೀರು. ಒಂದು ಪದವಿ ಕಾಲೇಜಿನ ಭೂವಿಜ್ಞಾನ ವಿಭಾಗ ಮಾಡಬಹುದಾದ ಕೆಲಸ ಇದು.

ಕೊನೆಯದಾಗಿ ತಮ್ಮಲ್ಲೇ ಒಂದು ಕೋರಿಕೆ. ಕೆಆರ್‌ಎಸ್, ಕಬಿನಿ, ಹಾರಂಗಿ, ಹೇಮಾವತಿ ಜಲಾಶಯಗಳ ಇಂದಿನ ಮಟ್ಟ, ಗರಿಷ್ಠ ಮಟ್ಟ, ಒಳಹರಿವು, ಹೊರಹರಿವುಗಳನ್ನು ಕನ್ನಡ ಪತ್ರಿಕೆಗಳು ಮಳೆಗಾಲದಲ್ಲಿ ತಪ್ಪದೆ ಅಚ್ಚು ಹಾಕುತ್ತವೆ, ಜನ ತಪ್ಪದೆ ಓದುತ್ತಾರೆ. ಅಂತರ್ಜಲ ನಿರ್ದೇಶನಾಲಯ ತನ್ನ ವೀಕ್ಷಣಾ ಬಾವಿಗಳ ಮಟ್ಟವನ್ನು ಪ್ರತಿ ತಿಂಗಳು ಅಳೆಯುತ್ತದೆ. ದೊಡ್ಡಬಳ್ಳಾಪುರ, ನೆಲಮಂಗಲ, ಮಾಗಡಿ ತಾಲ್ಲೂಕುಗಳ ಆ ಅಂಕಿಗಳನ್ನು ಆ ತಿಂಗಳ ಮಟ್ಟ, ಹಿಂದಿನ ವರ್ಷದ ಅದೇ ತಿಂಗಳ ಮಟ್ಟ, ಹತ್ತು ವರ್ಷದ ಸರಾಸರಿ ಎಂಬ ಮೂರು ಸಾಲಿನಲ್ಲಿ, ಜಲಾಶಯಗಳ ಪಟ್ಟಿಯ ಕೆಳಗೆ ತಿಂಗಳಿಗೊಮ್ಮೆ ಪ್ರಕಟಿಸಬೇಕೆಂದು ಕೋರುತ್ತೇವೆ.

ವಂದನೆಗಳೊಂದಿಗೆ,
ಅಂತರ್ಜಲ ಅಧ್ಯಯನದಲ್ಲಿ ತೊಡಗಿರುವ ಓದುಗರು
ಬೆಂಗಳೂರು